ಓದುಗರ ಅಂಚೆ: ರೇಸಿನ ಊರಿನಿಂದ ಉತ್ತರಗಳು

ಕಳೆದ ಸಂಚಿಕೆಯಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಪೀಡ್‌ವೇ ಎಂಬ ಪುಟ್ಟ ಊರಿನ ನಮ್ಮ ಸಂಸಾರದ ಬಗ್ಗೆ ಬರೆದಿದ್ದೆ. ಸಂಪಾದಕರು ಕಳಿಸಿದ ಪತ್ರಗಳ ಕಂತೆ ಬಿಚ್ಚಿದರೆ, ಸಂಸಾರದ ಗೊಡವೆ ಯಾರಿಗೂ ಇಲ್ಲ, ಎಲ್ಲರ ಕಣ್ಣೂ ಊರಿನ ಕಾರು ರೇಸಿನ ಮೇಲೆಯೇ. ಒಳ್ಳೆಯದೇ ಆಯಿತು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿದ್ದೇನೆ. ವೀಸಾ ಕೊಡಿಸಿ ಎಂದು ಬರೆದವರಿಗೆ ನನ್ನಿಂದ ಉತ್ತರವಿಲ್ಲ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಸಾಗರದ ಕಡೆಯವಳು. ಯಜಮಾನರು ಎಂಜಿನಿಯರ್. ನನ್ನದು ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್‌ನಲ್ಲಿ ಕೌಂಟರಿನ ಕೆಲಸ. ಡಾಕ್ಟರ ಮುಂದೆ ಬಾಯಿ ತೆರೆಯುವ ಮೊದಲು ಜನ ನನ್ನ ಮುಂದೆ ಬಾಯಿ ಬಿಡುತ್ತಾರೆ. ಊರಿನ ಸುದ್ದಿ ನನಗೆ ಸಿಗುವುದು ಹಾಗೆ.

ಪ್ರಶ್ನೆ: ಸ್ಪೀಡ್‌ವೇ ಎಂದರೆ ರೇಸಿನ ಮೈದಾನವೋ, ಊರೋ? ಒಂದು ಊರಿಗೆ ಹೀಗೂ ಹೆಸರಿಡುತ್ತಾರೆಯೇ? (ಶಿರಸಿಯ ನಿವೃತ್ತ ಶಿಕ್ಷಕರು)

ಎರಡೂ ಹೌದು. ಮೈದಾನ ಮೊದಲು ಬಂತು, ಊರು ಆಮೇಲೆ. ಇಂಡಿಯಾನಾಪೊಲಿಸ್ ನಗರದ ಪಶ್ಚಿಮಕ್ಕೆ, ಹೊಲಗಳ ನಡುವೆ, 1909ರಲ್ಲಿ ನಾಲ್ವರು ವ್ಯಾಪಾರಿಗಳು ಸೇರಿ ಎರಡೂವರೆ ಮೈಲಿ ಸುತ್ತಳತೆಯ ಓಟದ ಹಾದಿ ಕಟ್ಟಿದರು. ಕಾರು ತಯಾರಿಸುವವರು ತಮ್ಮ ಕಾರುಗಳನ್ನು ಪರೀಕ್ಷಿಸಿಕೊಳ್ಳಲಿ, ನಡುನಡುವೆ ಪಂದ್ಯ ನಡೆಸಿ ಟಿಕೆಟ್ ಮಾರೋಣ ಎಂಬ ಲೆಕ್ಕ. ನಾಲ್ವರಲ್ಲಿ ಮುಂದಾಳು ಕಾರ್ಲ್ ಫಿಶರ್. ಜೇಮ್ಸ್ ಆಲಿಸನ್ ಜೊತೆ ಸೇರಿ ಕಾರಿನ ಗ್ಯಾಸ್ ದೀಪಗಳ ವ್ಯಾಪಾರದಲ್ಲಿ ಹಣ ಮಾಡಿದ್ದ ಮನುಷ್ಯ. 1912ರ ಹೊತ್ತಿಗೆ ಅವನಿಗೆ ಇನ್ನೊಂದು ಕನಸು ಬಿತ್ತು: ಮೈದಾನದ ಎದುರು ಕುದುರೆಯೇ ಇಲ್ಲದ ಊರೊಂದನ್ನು ಕಟ್ಟಬೇಕು, ಅಲ್ಲಿ ಕಾರ್ಖಾನೆಗಳಿರಬೇಕು, ಕೆಲಸಗಾರರು ಅಲ್ಲೇ ಮನೆ ಮಾಡಿಕೊಂಡಿರಬೇಕು, ಓಡಾಟವೆಲ್ಲ ಮೋಟಾರಿನಲ್ಲೇ ಆಗಬೇಕು. ಕುದುರೆ ಲದ್ದಿಯ ವಾಸನೆ ಕಂಡರೆ ಅವನಿಗೆ ಆಗುತ್ತಿರಲಿಲ್ಲವೋ ಏನೋ. 1926ರಲ್ಲಿ ಆ ಊರು ಕಾನೂನಿನ ಪ್ರಕಾರ ಪಟ್ಟಣವಾಯಿತು.

ಈಗ ಸುತ್ತ ನಾಲ್ಕೂ ಕಡೆ ಇಂಡಿಯಾನಾಪೊಲಿಸ್ ಬೆಳೆದಿದೆ. ನಾವು ನಡುವೆ ಸಿಕ್ಕಿಕೊಂಡಿದ್ದೇವೆ. 2020ರ ಜನಗಣತಿಯಲ್ಲಿ ನಮ್ಮ ಲೆಕ್ಕ 13,952. 1970ರಲ್ಲಿ ನಗರ ಮತ್ತು ಜಿಲ್ಲೆಯ ಆಡಳಿತವನ್ನು ಒಂದು ಮಾಡಿದಾಗಲೂ ನಮ್ಮ ಊರು ಪೂರ್ತಿ ಕರಗಲಿಲ್ಲ. ಪೊಲೀಸರು ನಮ್ಮವರು, ಶಾಲೆಗಳು ನಮ್ಮವು, ಪಟ್ಟಣ ಸಭೆ ನಮ್ಮದು. ಆದರೂ ಇಂಡಿಯಾನಾಪೊಲಿಸ್‌ನ ಮೇಯರ್ ಚುನಾವಣೆಯಲ್ಲಿ ನಮಗೆ ಮತ ಇದೆ. ಅಕ್ಕಪಕ್ಕದ ಊರಿನವರು ಇದನ್ನು ಎರಡೂ ಪಂಕ್ತಿಯಲ್ಲಿ ಊಟ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ.

ನಾಲ್ವರು ಸ್ಥಾಪಕರ ಹೆಸರು ಇಲ್ಲಿನ ನಾಲ್ಕು ಪ್ರಾಥಮಿಕ ಶಾಲೆಗಳಿಗಿದೆ: ಫಿಶರ್, ಆಲಿಸನ್, ನ್ಯೂಬಿ, ವೀಲರ್. ಫ್ರಾಂಕ್ ವೀಲರ್ ಕಾರ್ಬ್ಯುರೇಟರ್ ತಯಾರಿಸುತ್ತಿದ್ದವನು. ನನ್ನ ಮಗ ಅಕ್ಷರ ಕಲಿತದ್ದು ಅವನ ಹೆಸರಿನ ಶಾಲೆಯಲ್ಲಿ. ಹೈಸ್ಕೂಲಿನ ಆಟದ ತಂಡಗಳಿಗೆ ಬೇರೆ ಊರುಗಳಲ್ಲಿ ಹುಲಿ, ಹದ್ದು, ಕರಡಿ ಎಂದು ಹೆಸರಿದ್ದರೆ ನಮ್ಮ ಮಕ್ಕಳ ತಂಡದ ಹೆಸರು ‘ಸ್ಪಾರ್ಕ್‌ಪ್ಲಗ್ಸ್’. ಮಗ ಬಾಸ್ಕೆಟ್‌ಬಾಲ್ ಆಡುತ್ತಿದ್ದ ವರ್ಷ ಎದೆಯ ಮೇಲೆ ಅದೇ ಹೆಸರು ಹೊತ್ತು ತಿರುಗಿದ. ಊರಿಗೆ ಫೋಟೋ ಕಳಿಸಿದಾಗ ನಮ್ಮ ಮಾವನವರು, “ಮೊಮ್ಮಗ ಗ್ಯಾರೇಜಿಗೆ ಸೇರಿದನೇನು?” ಎಂದು ಗಾಬರಿಯಿಂದ ಕೇಳಿದ್ದರು.

ಪ್ರಶ್ನೆ: ರೇಸಿನ ದಿನ ಮನೆಯ ಅಂಗಳದಲ್ಲಿ ಬೇರೆಯವರ ಕಾರು ನಿಲ್ಲಿಸಿ ದುಡ್ಡು ಮಾಡುತ್ತೀರಿ ಎಂದು ಬರೆದಿದ್ದಿರಿ. ಎಷ್ಟು ಸಿಗುತ್ತದೆ, ಹೇಗೆ ನಡೆಯುತ್ತದೆ, ಸ್ವಲ್ಪ ಬಿಡಿಸಿ ಹೇಳಿ. (ಹಾಸನದ ಗೃಹಿಣಿ)

ಅತಿ ಹೆಚ್ಚು ಮಂದಿ ಕೇಳಿದ ಪ್ರಶ್ನೆ ಇದೇ. ದುಡ್ಡಿನ ವಿಷಯದಲ್ಲಿ ನಮ್ಮವರ ಆಸಕ್ತಿ ಎಂದೂ ಬತ್ತುವುದಿಲ್ಲ.

ಮೇ ತಿಂಗಳ ಕೊನೆಯ ಸೋಮವಾರ ಇಲ್ಲಿ ಹುತಾತ್ಮ ಯೋಧರ ಸ್ಮರಣೆಯ ರಜೆ. ಅದರ ಹಿಂದಿನ ಭಾನುವಾರ ‘ಇಂಡಿ 500’. ಎರಡೂವರೆ ಮೈಲಿಯ ಹಾದಿಯನ್ನು 200 ಸುತ್ತು ಹಾಕಿ ಒಟ್ಟು 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್ ಓಡಬೇಕು. ಕಣದಲ್ಲಿ 33 ಕಾರುಗಳು, ನೋಡಲು ಬರುವವರು ಮೂರು ಲಕ್ಷಕ್ಕೂ ಹೆಚ್ಚು. ಹದಿನಾಲ್ಕು ಸಾವಿರ ಜನರ ಊರಿಗೆ ಮೂರು ಲಕ್ಷ ನೆಂಟರು! ಮೈದಾನದ ಸುತ್ತ ವಾಹನ ನಿಲ್ಲಿಸಲು ದೊಡ್ಡ ದೊಡ್ಡ ಬಯಲುಗಳಿವೆ, ಆದರೂ ಸಾಲುವುದಿಲ್ಲ. ಹೀಗಾಗಿ ಮನೆಯ ಮುಂದಿನ ಹುಲ್ಲುಹಾಸು, ಹಿಂದಿನ ಹಿತ್ತಲು, ಚರ್ಚಿನ ಅಂಗಳ, ಅಂಗಡಿಗಳ ಮುಂಭಾಗ ಎಲ್ಲವೂ ಆ ದಿನದ ಮಟ್ಟಿಗೆ ದುಡ್ಡು ಬೆಳೆಯುವ ಜಮೀನಾಗುತ್ತವೆ.

ನಮ್ಮ ಬೀದಿಯಲ್ಲಿ ಒಂದು ಕಾರಿಗೆ 40 ಡಾಲರ್ ಆಸುಪಾಸು. ಮೈದಾನದ ಗೇಟಿಗೆ ಹತ್ತಿರವಾದಷ್ಟೂ ದರ ಏರುತ್ತದೆ. ಬೆಳಕು ಹರಿಯುವ ಮೊದಲೇ ಯಜಮಾನರು ಕಿತ್ತಳೆ ಬಣ್ಣದ ಬಾವುಟ ಹಿಡಿದು ಬೀದಿಗಿಳಿಯುತ್ತಾರೆ. ವರ್ಷವಿಡೀ ಮೀಟಿಂಗಿನಲ್ಲಿ ಮೆಲ್ಲಗೆ ಮಾತನಾಡುವ ಮನುಷ್ಯ ಅಂದು ಸಂತೆಯಲ್ಲಿ ಕೂಗುವವರ ಹಾಗೆ ಕೂಗುತ್ತಾರೆ. ನನ್ನ ಕೆಲಸ ಕಾರುಗಳನ್ನು ಅಳೆದು ಹೊಂದಿಸುವುದು. ಇದು ಸುಲಭವೆಂದು ತಿಳಿಯಬೇಡಿ. ಮೊದಲು ಬಂದವರನ್ನು ಹಿತ್ತಲಿನ ಬೇಲಿಗೆ ಒತ್ತಿ ನಿಲ್ಲಿಸಬೇಕು. ಆದರೆ ಅವರೇ ಬೇಗ ಹೊರಡುವವರಾದರೆ ಹಿಂದೆ ಸಿಕ್ಕಿಕೊಂಡು ಜಗಳ ತೆಗೆಯುತ್ತಾರೆ. ಅದಕ್ಕೇ ಕಾರು ಒಳಗೆ ಬಿಡುವ ಮುನ್ನ, “ಗೆದ್ದವನು ಹಾಲು ಕುಡಿಯುವ ತನಕ ಕೂರುತ್ತೀರಾ, ಮೊದಲೇ ಏಳುತ್ತೀರಾ?” ಎಂದು ಕೇಳಿಬಿಡುತ್ತೇನೆ (ಹಾಲಿನ ಕತೆ ಮುಂದೆ ಹೇಳುತ್ತೇನೆ). ಕೂರುವವರು ಹಿಂದೆ, ಏಳುವವರು ಮುಂದೆ. ಕೀಲಿಗಳಿಗೆ ಚೀಟಿ ಕಟ್ಟಿ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಗಳಿಗೆ ನೇತುಹಾಕುತ್ತೇನೆ. ಚೀಟಿಯ ಮೇಲೆ ಕಾರಿನ ಬಣ್ಣ ಮತ್ತು ಸಾಲಿನ ಸಂಖ್ಯೆ, ಕನ್ನಡದಲ್ಲಿ. ಕಳ್ಳ ಬಂದರೂ ಓದಲಾರ.

ಹಿಂದಿನ ರಾತ್ರಿ ಮಳೆ ಬಂದಿದ್ದರೆ ಲಾಭದಲ್ಲಿ ಅರ್ಧ ಹುಲ್ಲಿಗೇ ಹೋಗುತ್ತದೆ. ಚಕ್ರ ಹೂತಲ್ಲಿ ಪ್ಲೈವುಡ್ ಹಲಗೆ ಕೊಟ್ಟು ಎಬ್ಬಿಸಬೇಕು, ಜೂನ್‌ನಲ್ಲಿ ಹೊಸ ಮಣ್ಣು ತುಂಬಿ ಬೀಜ ಹಾಕಬೇಕು. ಎದುರು ಮನೆಯ ವಿಧವೆ ಅಜ್ಜಿ ಮಾತ್ರ ಇದನ್ನೆಲ್ಲ ಲೆಕ್ಕಿಸುವುದಿಲ್ಲ. ಆಕೆಯ ಮನೆ ಕಂದಾಯಕ್ಕೆ ಒಂದು ಭಾನುವಾರದ ಅಂಗಳವೇ ಆಸರೆ. ಆಕೆ ಹೊಸಬರನ್ನು ಸೇರಿಸುವುದೇ ಇಲ್ಲ. ಗಂಡ ಬದುಕಿದ್ದಾಗ ಬರುತ್ತಿದ್ದ ಓಹಾಯೋ, ಕೆಂಟಕಿ ಕಡೆಯ ಕುಟುಂಬಗಳೇ ಈಗಲೂ ಬರುತ್ತವೆ. ಅಪ್ಪನ ಜೊತೆ ಬರುತ್ತಿದ್ದ ಹುಡುಗ ಈಗ ತನ್ನ ಮಗಳನ್ನು ಕರೆತರುತ್ತಾನೆ. ಅವರಿಗೆ ಟಿಕೆಟ್ಟಿನಷ್ಟೇ ಮುಖ್ಯ ಆ ಅಂಗಳದ ಮೂಲೆ. ಯಾರಾದರೂ ಒಂದು ವರ್ಷ ಬರಲಿಲ್ಲವೆಂದರೆ ಅಜ್ಜಿ ಫೋನು ಮಾಡಿ ವಿಚಾರಿಸುತ್ತಾಳೆ, ಜಾಗವನ್ನು ಖಾಲಿ ಬಿಡುತ್ತಾಳೆ. ಆ ಖಾಲಿ ಜಾಗಕ್ಕೆ ನಮ್ಮ ಮನೆಯ ಹೆಚ್ಚುವರಿ ಕಾರೊಂದನ್ನು ಕಳಿಸಲೇ ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಕಂಬಳದ ಹಾಗೆಯೇ ಅಲ್ಲವೇ ಇದು? (ಮೂಡುಬಿದಿರೆಯಿಂದ)

ಒಂದು ವಿಷಯದಲ್ಲಿ ಹೌದು. ಕಂಬಳದಲ್ಲಿ ಕೋಣದ ಹೆಸರು, ಯಜಮಾನರ ಮನೆತನ, ಓಡಿಸುವವನ ಊರು, ಕಳೆದ ಸಲ ಯಾವ ಕರೆಯಲ್ಲಿ ಓಡಿದ್ದ ಎಂಬುದೆಲ್ಲ ನೋಡುವವರಿಗೆ ಬಾಯಿಪಾಠ. ಇಲ್ಲಿಯೂ ಹಾಗೆಯೇ. ನಮ್ಮ ಕ್ಲಿನಿಕ್‌ಗೆ ಬರುವ ಎಂಬತ್ತರ ಮುದುಕರು ಸ್ವಂತ ಮೊಮ್ಮಕ್ಕಳ ವಯಸ್ಸು ತಪ್ಪು ಹೇಳುತ್ತಾರೆ, 1961ರಲ್ಲಿ ಗೆದ್ದವನ ಹೆಸರನ್ನು ತಪ್ಪು ಹೇಳುವುದಿಲ್ಲ. ಎ. ಜೆ. ಫಾಯ್ಟ್, ಇಲ್ಲಿ ನಾಲ್ಕು ಸಲ ಗೆದ್ದವರಲ್ಲಿ ಮೊದಲಿಗ; ಆ ವರ್ಷದ್ದು ಅವನ ಮೊದಲ ಗೆಲುವು. ಉಳಿದಂತೆ ಹೋಲಿಕೆ ಇಲ್ಲ. ಕನೆಹಲಗೆಯಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂದು ನೋಡಿ ಬಹುಮಾನ ಕೊಡುವ ರಸಿಕತೆ ಈ ಜನಕ್ಕಿಲ್ಲ. ಇವರಿಗೆ ಸೆಕೆಂಡಿನ ಸಾವಿರದ ಒಂದು ಭಾಗವೇ ಎಲ್ಲ.

ಪ್ರಶ್ನೆ: ಗೆದ್ದವರು ಹಾಲು ಕುಡಿಯುತ್ತಾರಂತೆ, ಶಾಂಪೇನ್ ಯಾಕಿಲ್ಲ? ನಾನು ಡೇರಿಗೆ ಹಾಲು ಹಾಕುವವನು, ಅದಕ್ಕೇ ಕೇಳುತ್ತಿದ್ದೇನೆ. (ದಾವಣಗೆರೆ ಜಿಲ್ಲೆಯಿಂದ)

ನಿಮ್ಮ ಪತ್ರ ಓದಿ ಖುಷಿಯಾಯಿತು. ಹಾಲಿನ ಕತೆ ಶುರುವಾದದ್ದು ಮಜ್ಜಿಗೆಯಿಂದ. 1936ರಲ್ಲಿ ಮೂರನೆಯ ಸಲ ಗೆದ್ದ ಲೂಯಿ ಮೇಯರ್ ಕಾರಿನಿಂದ ಇಳಿದವನೇ ಬಾಟಲಿ ಎತ್ತಿ ಮಜ್ಜಿಗೆ ಕುಡಿದ. ಬಿಸಿಲಿಗೆ ಮಜ್ಜಿಗೆ ಒಳ್ಳೆಯದು ಎಂದು ಅವನ ತಾಯಿ ಹೇಳಿಕೊಟ್ಟಿದ್ದಳಂತೆ. ಎಲ್ಲ ದೇಶದ ತಾಯಂದಿರೂ ಒಂದೇ. ಪತ್ರಿಕೆಯಲ್ಲಿ ಬಂದ ಫೋಟೋ ಹಾಲಿನ ವ್ಯಾಪಾರದವರೊಬ್ಬರ ಕಣ್ಣಿಗೆ ಬಿತ್ತು. ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ ಎಂದು, ಮುಂದೆಯೂ ಗೆದ್ದವರಿಗೆ ಹಾಲು ಸಿಗುವಂತೆ ನೋಡಿಕೊಂಡರು. ನಡುವೆ ಕೆಲವು ವರ್ಷ ಬಿಟ್ಟುಹೋಗಿ, 1956ರಿಂದ ತಪ್ಪದೆ ನಡೆದು ಬಂದಿದೆ.

ರೇಸಿಗೆ ಮುನ್ನ ಪ್ರತಿ ಚಾಲಕನನ್ನೂ ಕೇಳಿ ಪಟ್ಟಿ ಮಾಡುತ್ತಾರೆ: ಕೆನೆ ಸಹಿತ ಹಾಲೋ, ಶೇಕಡಾ ಎರಡರ ಕೊಬ್ಬಿನದೋ, ಕೊಬ್ಬು ತೆಗೆದದ್ದೋ. ಹಾಲನ್ನು ಕೈಗಿಡುವ ಗೌರವ ಇಂಡಿಯಾನಾದ ಹೈನುಗಾರರದು. ಪ್ರತಿ ವರ್ಷ ಇಬ್ಬರು ರೈತರು. ಒಬ್ಬರು ಹೊಸಬರು, ಮರುವರ್ಷ ಅವರೇ ಹಳಬರಾಗಿ ಹಾಲು ಕೊಡುತ್ತಾರೆ. ಹಾಲು ಹಾಕುವವರಿಗೆ ಲಕ್ಷಾಂತರ ಜನ ಚಪ್ಪಾಳೆ ತಟ್ಟುವ ಜಾಗ ಇನ್ನೆಲ್ಲಾದರೂ ಇದ್ದರೆ ನನಗೂ ತಿಳಿಸಿ.

1993ರಲ್ಲಿ ಬ್ರೆಜಿಲ್‌ನ ಎಮರ್ಸನ್ ಫಿಟ್ಟಿಪಾಲ್ಡಿ ಗೆದ್ದಾಗ ಹಾಲನ್ನು ಬದಿಗಿಟ್ಟು ಮೊದಲು ಕಿತ್ತಳೆ ರಸ ಕುಡಿದ. ಅವನಿಗೆ ಸ್ವಂತ ಕಿತ್ತಳೆ ತೋಟಗಳಿದ್ದವು. ಜನ ಹೋ ಎಂದು ಕೂಗಿ ಮುಖ ಮುರಿದರು. ನಮ್ಮ ಕ್ಲಿನಿಕ್‌ನಲ್ಲಿ ಇವತ್ತಿಗೂ ಯಾರಾದರೂ ಆ ಮಾತೆತ್ತಿದರೆ ಕಾಯುತ್ತಾ ಕೂತವರೆಲ್ಲ ಒಂದಾಗಿ ಬೈಯುತ್ತಾರೆ.

ಪ್ರಶ್ನೆ: ಶಬ್ದಕ್ಕೆ ಹುಚ್ಚು ಹಿಡಿಯುವುದಿಲ್ಲವೇ? (ಬೆಂಗಳೂರು, ಸಿಲ್ಕ್ ಬೋರ್ಡ್ ಬಳಿಯ ನಿವಾಸಿ)

ಸಿಲ್ಕ್ ಬೋರ್ಡ್ ಬಳಿ ಇರುವವರು ಈ ಪ್ರಶ್ನೆ ಕೇಳಬಾರದು.

ಪ್ರಶ್ನೆ: ಟಿವಿಯಲ್ಲಿ ನೋಡುವುದೇ ಆರಾಮಲ್ಲವೇ? ಮನೆಯಲ್ಲೇ ಕೂತು ನೋಡಬಹುದಲ್ಲ? (ಉಡುಪಿಯಿಂದ)

ಇಲ್ಲೇ ಇರುವುದು ಮಜಾ. ದೇಶವೆಲ್ಲ ನೇರ ಪ್ರಸಾರ ನೋಡುತ್ತದೆ, ರೇಸ್ ನಡೆಯುವ ಊರಿನವರಿಗೆ ಮಾತ್ರ ಅದು ಇಲ್ಲ. ಇಂಡಿಯಾನಾಪೊಲಿಸ್ ಸುತ್ತಮುತ್ತ ಸಂಜೆಯ ಮೇಲೆ ತೋರಿಸುವುದು ಹಳೆಯ ಪದ್ಧತಿ. ಟಿವಿಯಲ್ಲಿ ಸಿಕ್ಕರೆ ಟಿಕೆಟ್ ಯಾರು ಕೊಳ್ಳುತ್ತಾರೆ ಎಂಬ ಅಂಜಿಕೆ. 2016ರಲ್ಲಿ ನೂರನೆಯ ರೇಸಿನ ಟಿಕೆಟ್ ಪೂರ್ತಿ ಮಾರಾಟವಾದಾಗ ಬಿಟ್ಟುಕೊಟ್ಟರು, 2025ರಲ್ಲಿ ಗ್ಯಾಲರಿಗಳು ತುಂಬಿದಾಗಲೂ ಬಿಟ್ಟರು. ಉಳಿದ ಬಹುಪಾಲು ವರ್ಷ ರೇಡಿಯೊ. ಟಿಕೆಟ್ ಇಲ್ಲದವರು ಮನೆ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು, ಮಾಂಸ ಸುಡುತ್ತಾ ರೇಡಿಯೊ ಕೇಳುತ್ತಾರೆ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ಒಂದು ವಾಕ್ಯವೂ ತಪ್ಪುವುದಿಲ್ಲ, ಪ್ರತಿ ಅಂಗಳದಲ್ಲೂ ಅದೇ ವಾಹಿನಿ. ಮೊದಲು ನಿಜವಾದ ಕಾರುಗಳ ಸದ್ದು ಗಾಳಿಯಲ್ಲಿ ಬರುತ್ತದೆ, ಆಮೇಲೆ ರೇಡಿಯೊದಲ್ಲಿ ವೀಕ್ಷಕ ವಿವರಣೆಗಾರ ಅದನ್ನು ಹೇಳುತ್ತಾನೆ. ಅಪಘಾತವಾದರೆ ಸದ್ದು ಥಟ್ಟನೆ ಇಳಿಯುತ್ತದೆ, ಎಲ್ಲರೂ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ರೇಡಿಯೊ ಕಡೆ ತಿರುಗುತ್ತಾರೆ.

2020ರಲ್ಲಿ ಕೊರೊನಾ ಕಾರಣ ರೇಸನ್ನು ಆಗಸ್ಟ್ 23ಕ್ಕೆ ಮುಂದೂಡಿ, ಪ್ರೇಕ್ಷಕರೇ ಇಲ್ಲದೆ ನಡೆಸಿದರು. ಜಪಾನಿನ ಟಕುಮಾ ಸಾಟೊ ಗೆದ್ದ. ಎರಡೂವರೆ ಲಕ್ಷ ಖಾಲಿ ಕುರ್ಚಿಗಳ ಎದುರು! ಅಂದು ಅಂಗಳದಲ್ಲಿ ಕಾರುಗಳಿಲ್ಲ, ಯಜಮಾನರ ಕೈಯಲ್ಲಿ ಬಾವುಟವಿಲ್ಲ. ಎದುರುಮನೆ ಅಜ್ಜಿಗೆ ಓಹಾಯೋದವರು ಆ ವರ್ಷದ ನಿಲುಗಡೆಯ ಹಣವನ್ನು ಚೆಕ್ ಬರೆದು ಕಳಿಸಿದ್ದರು. ಆಕೆ ಅದನ್ನು ಬ್ಯಾಂಕಿಗೆ ಹಾಕದೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಳು. ಕಂದಾಯವನ್ನು ಹೇಗೆ ಕಟ್ಟಿದಳೋ, ನಾನು ಕೇಳಲಿಲ್ಲ.

ಪ್ರಶ್ನೆ: ನಮ್ಮ ದೇಶದವರು ಯಾರಾದರೂ ಅಲ್ಲಿ ಓಡಿಸಿದ್ದಾರೆಯೇ? (ಕೊಳ್ಳೇಗಾಲದ ಕಾಲೇಜು ವಿದ್ಯಾರ್ಥಿ)

ಇದಕ್ಕೆ ಉತ್ತರ ಕೊಡಲು ಕಾಯುತ್ತಿದ್ದೆ. ನಿಮ್ಮೂರಿಗೆ ದೂರವಲ್ಲದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, ದೇಶ ದೇಶ ಸುತ್ತುವ ಫಾರ್ಮುಲಾ ಒನ್ ಕಾರು ಪಂದ್ಯಾವಳಿಗೆ ಹೋದ ಮೊದಲ ಭಾರತೀಯ. 2000ದಿಂದ 2007ರವರೆಗೆ ಅಮೆರಿಕದ ಫಾರ್ಮುಲಾ ಒನ್ ಪಂದ್ಯ ನಮ್ಮ ಊರಿನಲ್ಲೇ ನಡೆಯುತ್ತಿತ್ತು. ಅಂಡಾಕಾರದ ಹಾದಿಯ ಒಂದು ಭಾಗಕ್ಕೆ ಒಳಗಿನ ತಿರುವುಗಳನ್ನು ಜೋಡಿಸಿ ಅದಕ್ಕೆಂದೇ ಬೇರೆ ಮಾರ್ಗ ಮಾಡಿದ್ದರು. 2005ರ ಜೂನ್ 19ರಂದು ಕಾರ್ತಿಕೇಯನ್ ಜೋರ್ಡನ್ ತಂಡದ ಕಾರಿನಲ್ಲಿ ಬಂದರು. ನಾವು ಭಾರತೀಯರು ಕೆಲವರು ತ್ರಿವರ್ಣ ಧ್ವಜ ಹಿಡಿದು ಹೋಗಿದ್ದೆವು.

ಆ ದಿನ ನಡೆದದ್ದು ಆ ಆಟದ ಚರಿತ್ರೆಯಲ್ಲೇ ದೊಡ್ಡ ರಾದ್ಧಾಂತ. ಶುಕ್ರವಾರದ ಅಭ್ಯಾಸದಲ್ಲಿ, ಹಾದಿ ಒಳಮಗ್ಗುಲಿಗೆ ವಾಲಿರುವ ಕೊನೆಯ ತಿರುವಿನಲ್ಲಿ, ರಾಲ್ಫ್ ಶುಮಾಕರ್ ಕಾರು ಟೈರ್ ಕೈಕೊಟ್ಟು ಗೋಡೆಗೆ ಬಡಿದಿತ್ತು. ಆ ತಿರುವಿನ ವೇಗಕ್ಕೆ ತಮ್ಮ ಟೈರ್ ಸುರಕ್ಷಿತವಲ್ಲ ಎಂದು ಮಿಶೆಲಿನ್ ಕಂಪನಿಯೇ ಹೇಳಿಬಿಟ್ಟಿತು. ತಿರುವಿನಲ್ಲಿ ವೇಗ ತಗ್ಗಿಸುವ ಅಡೆತಡೆ ಹಾಕಿ ಎಂದು ತಂಡಗಳು, ಆಗುವುದಿಲ್ಲ ಎಂದು ಆಡಳಿತ. ಭಾನುವಾರ ಇಪ್ಪತ್ತು ಕಾರುಗಳೂ ಹೊರಟವು. ಆರಂಭದ ಮುಂಚಿನ ಸುತ್ತು ಮುಗಿಯುತ್ತಿದ್ದಂತೆ ಮಿಶೆಲಿನ್ ಟೈರಿನ ಹದಿನಾಲ್ಕು ಕಾರುಗಳು ಒಂದರ ಹಿಂದೆ ಒಂದರಂತೆ ಒಳಗೆ ಹೋಗಿಬಿಟ್ಟವು. ಉಳಿದದ್ದು ಬ್ರಿಜ್‌ಸ್ಟೋನ್ ಟೈರಿನ ಆರು: ಎರಡು ಫೆರಾರಿ, ಎರಡು ಜೋರ್ಡನ್, ಎರಡು ಮಿನಾರ್ಡಿ.

ನಮ್ಮ ಸುತ್ತಲಿನವರು ಬೊಬ್ಬೆ ಹಾಕುತ್ತಿದ್ದರು, ಕೆಲವರು ಬಾಟಲಿಗಳನ್ನು ಹಾದಿಗೆ ಎಸೆಯುತ್ತಿದ್ದರು, ದುಡ್ಡು ವಾಪಸ್ ಕೊಡಿ ಎಂದು ಕೂಗುತ್ತಿದ್ದರು. ಆ ಗದ್ದಲದ ನಡುವೆ ನಮ್ಮವನು ನಾಲ್ಕನೆಯವನಾಗಿ ಬಂದ, ಐದು ಅಂಕ ಗಳಿಸಿದ. ಅಂಕ ಗಳಿಸಿದ ಮೊದಲ ಭಾರತೀಯ! ನಾವು ಬಾವುಟ ಬೀಸಬೇಕೋ ಬೇಡವೋ ತಿಳಿಯದೆ ಅರ್ಧ ಎತ್ತಿದೆವು. ಹಿಂದಿನ ಸಾಲಿನ ಮನುಷ್ಯನೊಬ್ಬ ಸಿಟ್ಟಿನಲ್ಲಿದ್ದರೂ ನಮ್ಮನ್ನು ನೋಡಿ, “ನಿಮಗಾದರೂ ಇವತ್ತು ಏನೋ ಸಿಕ್ಕಿತಲ್ಲ” ಎಂದು ನಕ್ಕ. ಆಮೇಲೆ ಮಿಶೆಲಿನ್‌ನವರು ಟಿಕೆಟ್ ಹಣ ಹಿಂದಿರುಗಿಸುವುದಾಗಿ ಹೇಳಿ, ಮರುವರ್ಷಕ್ಕೆ 20,000 ಟಿಕೆಟ್‌ಗಳನ್ನೂ ಕೊಂಡು ಹಂಚಿದರು. ಆರು ಕಾರಿನ ರೇಸಿನಲ್ಲಿ ನಾಲ್ಕನೆಯ ಸ್ಥಾನ ಏನು ಮಹಾ ಎನ್ನುವವರಿದ್ದಾರೆ. ಕಾರು ಓಡಿಸಿದವನು ಓಡಿಸಿದ, ಅಂಕ ಅಂಕವೇ. ಈ ವಿಷಯದಲ್ಲಿ ನನ್ನ ಜೊತೆ ವಾದ ಬೇಡ.

ಪ್ರಶ್ನೆ: ಹೆಂಗಸರಿಗೆ ಅಲ್ಲಿ ಏನು ಕೆಲಸ? (ವಿಜಯಪುರದಿಂದ ಒಬ್ಬ ಮಹನೀಯರು)

1971ರವರೆಗೆ ಅಲ್ಲಿನವರೂ ನಿಮ್ಮ ಹಾಗೆಯೇ ಕೇಳುತ್ತಿದ್ದರು. ಕಾರು ಸಿದ್ಧಪಡಿಸುವ ಗ್ಯಾರೇಜು ಮತ್ತು ಓಟದ ನಡುವೆ ಚಕ್ರ ಬದಲಿಸಿ ಇಂಧನ ತುಂಬುವ ಪಿಟ್‌ಗಳಿಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. 1977ರಲ್ಲಿ ಜಾನೆಟ್ ಗಥ್ರಿ ಅರ್ಹತೆ ಗಳಿಸಿ ರೇಸಿಗಿಳಿದರು. 2009ರಲ್ಲಿ ಡ್ಯಾನಿಕಾ ಪ್ಯಾಟ್ರಿಕ್ ಮೂರನೆಯವರಾಗಿ ಬಂದರು. ಇಲ್ಲಿ ಹಲವು ಸಲ ಓಡಿದ ಸಾರಾ ಫಿಶರ್ ನಮ್ಮ ಮೇನ್ ಸ್ಟ್ರೀಟಿನಲ್ಲೇ ಮಕ್ಕಳು ದೊಡ್ಡವರೆಲ್ಲ ಪುಟ್ಟ ಕಾರ್ಟ್ ಓಡಿಸುವ ಒಳಾಂಗಣ ಕಟ್ಟಿದ್ದಾರೆ. ನೀವು ಬಂದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಹತ್ತು ವರ್ಷದ ಹುಡುಗಿಯರು ನಿಮ್ಮನ್ನು ಹಿಂದೆ ಹಾಕುವುದನ್ನು ಹೊರಗಿನಿಂದ ನೋಡುವ ಆಸೆ ನನಗಿದೆ.

ಪ್ರಶ್ನೆ: ಇಷ್ಟೊಂದು ಜೀವಗಳು ಹೋಗಿವೆ ಎಂದು ಓದಿದ್ದೇನೆ. ಸಾವನ್ನು ಹಬ್ಬ ಮಾಡಿಕೊಂಡ ಊರಿನಲ್ಲಿ ಬದುಕುವುದು ಕಷ್ಟವೆನಿಸುವುದಿಲ್ಲವೇ? (ಕಲಬುರಗಿಯ ವೈದ್ಯೆ)

ಕಷ್ಟದ ಪ್ರಶ್ನೆ. 1909ರ ಆಗಸ್ಟ್‌ನಲ್ಲಿ ನಡೆದ ಮೊದಲ ಕಾರು ಪಂದ್ಯಗಳಲ್ಲೇ ಐವರು ಸತ್ತರು, ಅವರಲ್ಲಿ ಇಬ್ಬರು ಪ್ರೇಕ್ಷಕರು. ಜಲ್ಲಿ ಮತ್ತು ಟಾರಿನ ಹಾದಿ ಕಿತ್ತುಬಂದಿತ್ತು. ಅದಕ್ಕೇ ಅದೇ ವರ್ಷ 32 ಲಕ್ಷ ಇಟ್ಟಿಗೆ ಹಾಸಿದರು. ಇಂದು ಅದರಲ್ಲಿ ಮೇಲೆ ಕಾಣುವುದು ಗೆಲುವಿನ ಗೆರೆಯ ಮೂರು ಅಡಿ ಪಟ್ಟಿ ಮಾತ್ರ. ಗೆದ್ದವರು ಮಂಡಿಯೂರಿ ಅದಕ್ಕೆ ಮುತ್ತಿಡುತ್ತಾರೆ. ಆ ಮುತ್ತಿನ ಪದ್ಧತಿ ಹಳೆಯದೇನಲ್ಲ, 1996ರಲ್ಲಿ ಡೇಲ್ ಜಾರೆಟ್ ಎಂಬ ಚಾಲಕನಿಂದ ಶುರುವಾದದ್ದು. 1964ರಲ್ಲಿ ಎರಡನೆಯ ಸುತ್ತಿನಲ್ಲೇ ಪೆಟ್ರೋಲ್ ಹೊತ್ತಿಕೊಂಡು ಇಬ್ಬರು ಚಾಲಕರು ಸುಟ್ಟುಹೋದರು. ಮರುವರ್ಷದಿಂದ ಪೆಟ್ರೋಲ್ ಹೋಗಿ ಮೆಥನಾಲ್ ಎಂಬ ಮದ್ಯಸಾರದ ಇಂಧನ ಬಂತು. 2002ರಲ್ಲಿ ಗೋಡೆಗೆ ಉಕ್ಕು ಮತ್ತು ಫೋಮಿನ ಮೆತ್ತೆ ಕಟ್ಟಿದರು. ಅದು ಮೊದಲು ಬಂದದ್ದು ಈ ಮೈದಾನಕ್ಕೇ, ಆಮೇಲೆ ಬೇರೆ ಕಡೆಗೆ ಹೋಯಿತು. ಯಾರಾದರೂ ಸತ್ತ ಮೇಲೆಯೇ ಬುದ್ಧಿ ಬರುವುದು ಎಂದು ನಿಮಗನ್ನಿಸಿದರೆ ನಾನು ಇಲ್ಲವೆನ್ನಲಾರೆ.

ಪ್ರೇಕ್ಷಕರಿಗೂ ಅಪಾಯವಿದೆ. 1987ರಲ್ಲಿ ಹಾರಿಬಂದ ಚಕ್ರ ತಗುಲಿ ಒಬ್ಬರು ಸತ್ತರು. 2023ರಲ್ಲಿ ಕಳಚಿದ ಚಕ್ರವೊಂದು ಬೇಲಿಯ ಮೇಲಿಂದ ಹಾರಿ, ಗ್ಯಾಲರಿಯನ್ನೂ ದಾಟಿ, ಹೊರಗೆ ನಿಲ್ಲಿಸಿದ್ದ ಶೆವರ್ಲೆ ಕಾರೊಂದರ ಮೇಲೆ ಬಿತ್ತು. ಚಕ್ರ ಯಾರಿಗೂ ತಗುಲಲಿಲ್ಲ. ಕಾರಿನ ಒಡತಿಗೆ ಮೈದಾನದವರು ಹೊಸ ಕಾರು ಕೊಟ್ಟರು. ಊರಿನವರೆಲ್ಲ ನಗೆಯಾಡಿದರು, ನಾನೂ ನಕ್ಕೆ. ಮನೆಗೆ ಬಂದು ಆ ವೀಡಿಯೊವನ್ನು ಮತ್ತೆ ನೋಡಿದಾಗ ಚಕ್ರ ಎಷ್ಟು ಜನರ ತಲೆಯ ಮೇಲೆ ಹಾದುಹೋಯಿತು ಎಂಬುದು ಕಾಣಿಸಿತು. ಅಂದು ರಾತ್ರಿ ಊಟ ಸೇರಲಿಲ್ಲ.

ಆದರೆ ಊರಿನ ಹಿರಿಯರಿಗೆ ಸಾವು ಎಂದರೆ ನೆನಪಾಗುವುದು ರೇಸ್ ಅಲ್ಲ. 1978ರ ನವೆಂಬರ್‌ನಲ್ಲಿ ಇಲ್ಲಿನ ಬರ್ಗರ್ ಹೋಟೆಲಿನಿಂದ ರಾತ್ರಿ ಪಾಳಿಯ ನಾಲ್ವರು ಎಳೆಯರನ್ನು ಅಪಹರಿಸಿ ಕೊಂದರು. ಕೊಂದವರು ಯಾರೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಅವರ ಜೊತೆ ಶಾಲೆಯಲ್ಲಿದ್ದವರು ಈಗ ನಮ್ಮ ಕ್ಲಿನಿಕ್‌ಗೆ ಹಲ್ಲು ಕಟ್ಟಿಸಿಕೊಳ್ಳಲು ಬರುವ ವಯಸ್ಸಿನವರು. ಹಬ್ಬ, ಸಾವು ಎರಡೂ ಇರುವ ಊರು ಇದು, ನಿಮ್ಮ ಊರಿನ ಹಾಗೆಯೇ.

ಪ್ರಶ್ನೆ: ಉಳಿದ ಹನ್ನೊಂದು ತಿಂಗಳು ಊರು ಮಲಗಿರುತ್ತದೆಯೇ? (ಚಿತ್ರದುರ್ಗದಿಂದ)

ಮಲಗುವುದಕ್ಕೆ ಬಿಟ್ಟರೆ ತಾನೇ! ಮೇ ಮೊದಲ ಶನಿವಾರ ಅರ್ಧ ಮ್ಯಾರಥಾನ್. ಇಂಡಿಯಾನಾಪೊಲಿಸ್ ನಡುಪೇಟೆಯಿಂದ ಓಡಿಬಂದವರು ನಮ್ಮ ಮೈದಾನಕ್ಕೆ ಒಂದು ಸುತ್ತು ಹಾಕಿ ಹಿಂದಿರುಗುತ್ತಾರೆ. ಕಾರುಗಳು ನಿಮಿಷದೊಳಗೆ ಮುಗಿಸುವ ಸುತ್ತಿಗೆ ನಮ್ಮ ಡಾಕ್ಟರಿಗೆ ಅರ್ಧ ಗಂಟೆ ಬೇಕು. ಜುಲೈನಲ್ಲಿ ನ್ಯಾಸ್‌ಕಾರ್ ಎಂಬ ಇನ್ನೊಂದು ಬಗೆಯ ಕಾರು ರೇಸು. ಮೇನ್ ಸ್ಟ್ರೀಟಿನಲ್ಲಿ ಇಟಲಿಯ ಡಲ್ಲಾರಾ ಕಂಪನಿಯ ಕಟ್ಟಡವಿದೆ, ಇಂಡಿ 500ರ ಎಲ್ಲ ಕಾರುಗಳ ಮೈಕಟ್ಟು ಅವರದೇ. ಮೈದಾನದಲ್ಲಿ ಗಾಲ್ಫ್ ಕೂಡ ಇದೆ. ಹದಿನೆಂಟರಲ್ಲಿ ನಾಲ್ಕು ಗುಂಡಿಗಳು ಓಟದ ಹಾದಿಯ ಒಳಗೇ ಇವೆ.

ರೇಸಿಗೆ ಸಂಬಂಧವಿಲ್ಲದ ಕೆಲಸಕ್ಕೂ ನಾವು ಅಲ್ಲಿಗೇ ಹೋಗುತ್ತೇವೆ. 2021ರಲ್ಲಿ ನಮಗೆ ಕೊರೊನಾ ಲಸಿಕೆ ಹಾಕಿದ್ದು ಅಲ್ಲೇ. ರೇಸ್ ಕಾರುಗಳ ಗ್ಯಾರೇಜಿನೊಳಗೆ ನಮ್ಮ ಹಳೆಯ ಕ್ಯಾಮ್ರಿ ನಿಲ್ಲಿಸಿ, ಕಿಟಕಿ ಇಳಿಸಿ ತೋಳು ಕೊಟ್ಟೆವು. ಚಕ್ರ ಬದಲಿಸುವುದೊಂದು ಬಾಕಿ. 2024ರ ಏಪ್ರಿಲ್ 8ರ ಸಂಪೂರ್ಣ ಸೂರ್ಯಗ್ರಹಣಕ್ಕೂ ಜನ ಅಲ್ಲೇ ಸೇರಿದರು, ನಾಸಾದವರೂ ಬಂದಿದ್ದರು. ಅತ್ತ ಸಾಗರದಿಂದ ಅಮ್ಮ ಫೋನಿನಲ್ಲಿ, “ಗ್ರಹಣ ಹಿಡಿದಾಗ ಹೊರಗೆ ಹೋಗಬೇಡ, ಅಡುಗೆಗೆ ದರ್ಭೆ ಹಾಕಿಡು” ಎಂದು ಹೇಳುತ್ತಲೇ ಇದ್ದರು. ಮಧ್ಯಾಹ್ನ ಮೂರು ದಾಟಿದ್ದೇ ಕತ್ತಲಾಯಿತು, ಬೀದಿ ದೀಪಗಳು ಹೊತ್ತಿಕೊಂಡವು, ಗ್ಯಾಲರಿಯಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಸೂರ್ಯನಿಗೆ ಚಪ್ಪಾಳೆ ತಟ್ಟುವವರನ್ನು ನಾನು ನೋಡಿದ್ದು ಅದೇ ಮೊದಲು. ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಅಮ್ಮನಿಗೆ ಅಷ್ಟು ಮಾತ್ರ ತಿಳಿಸಿದೆ.

ಪ್ರಶ್ನೆ: ಮಗಳ ಮನೆಗೆಂದು ಷಿಕಾಗೊಗೆ ಮೇ ತಿಂಗಳಲ್ಲಿ ಬರುತ್ತಿದ್ದೇವೆ. ನಮ್ಮಂಥ ವಯಸ್ಸಾದವರು ರೇಸ್ ನೋಡಬಹುದೇ? ಸಸ್ಯಾಹಾರ ಸಿಗುತ್ತದೆಯೇ? (ಮೈಸೂರಿನ ದಂಪತಿ)

ಖಂಡಿತ ಬನ್ನಿ. ಷಿಕಾಗೊದಿಂದ ಕಾರಿನಲ್ಲಿ ಮೂರು ಗಂಟೆಯ ಹಾದಿ. ಆದರೆ ರೇಸಿನ ಭಾನುವಾರ ಬೇಡ. ಮೆಟ್ಟಿಲು, ನೂಕುನುಗ್ಗಲು, ಬಿಸಿಲು, ಸಂಜೆ ಊರಿನಿಂದ ಹೊರಬೀಳಲು ಗಂಟೆಗಟ್ಟಲೆ ಕಾಯುವುದು, ಇದೆಲ್ಲ ನಿಮಗೆ ಯಾಕೆ? ಅದಕ್ಕೆ ಮುಂಚಿನ ವಾರ ಅಭ್ಯಾಸದ ದಿನ ಬನ್ನಿ. ಟಿಕೆಟ್ ಅಗ್ಗ, ಗ್ಯಾಲರಿಯಲ್ಲಿ ನೆರಳಿರುವ ಕಡೆ ಕೂರಬಹುದು. ಕಾರುಗಳು ಅಷ್ಟೇ ವೇಗದಲ್ಲಿ ಓಡುತ್ತವೆ, ಗಂಟೆಗೆ 350 ಕಿಲೋಮೀಟರ್‌ಗೂ ಮೀರಿ. ಮೊದಲ ಕಾರು ಕಣ್ಣೆದುರು ಹಾದಾಗ ಕತ್ತು ತಿರುಗಿಸುವಷ್ಟರಲ್ಲಿ ಅದು ಇರುವುದಿಲ್ಲ. ಕಿವಿಗೆ ಹಾಕಿಕೊಳ್ಳುವ ಪ್ಲಗ್ ತಪ್ಪದೆ ತನ್ನಿ. ಯಜಮಾನರು ಶ್ರವಣ ಯಂತ್ರ ಹಾಕುತ್ತಾರೆಂದು ಬರೆದಿದ್ದೀರಿ, ಅದನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಲಿ. ಅವರ ಜೊತೆ ಮಾತನಾಡುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮ್ಯೂಸಿಯಂ 2025ರಲ್ಲಿ ಹೊಸದಾಗಿ ತೆರೆದಿದೆ. 1911ರ ಮೊದಲ ರೇಸು ಗೆದ್ದ ರೇ ಹ್ಯಾರೌನ್‌ನ ಹಳದಿ ಕಾರು ಅವರ ಸಂಗ್ರಹದ್ದೇ. ಹಿಂದಿನ ಕಾರುಗಳನ್ನು ನೋಡಲು ಅವನು ಕನ್ನಡಿ ಕಟ್ಟಿಕೊಂಡಿದ್ದ.

ಸಸ್ಯಾಹಾರಕ್ಕೆ ಚಿಂತೆ ಬೇಡ. ಇಲ್ಲಿನ ವಿಶೇಷ ತಟ್ಟೆಗಿಂತ ದೊಡ್ಡದಾದ ಹಂದಿ ಮಾಂಸದ ಸ್ಯಾಂಡ್‌ವಿಚ್, ಅದು ನಿಮಗಲ್ಲ. ಬೇರೆ ಎಷ್ಟೋ ಮೈದಾನಗಳಲ್ಲಿ ಇಲ್ಲದ ಒಂದು ಅನುಕೂಲ ಇಲ್ಲಿದೆ: ಮನೆಯಿಂದ ಬುತ್ತಿ ಕಟ್ಟಿಕೊಂಡು ಒಳಗೆ ಹೋಗಬಹುದು. ಸಣ್ಣ ಕೂಲರ್‌ಗೆ ಅನುಮತಿಯಿದೆ. ಮೊಸರನ್ನ ಕೆಡುವುದಿಲ್ಲ. ಚಟ್ನಿಪುಡಿಯ ಡಬ್ಬಿಯನ್ನು ಗೇಟಿನಲ್ಲಿ ಬಿಚ್ಚಿಸಿ ನೋಡುತ್ತಾರೆ, ಗಾಬರಿಯಾಗಬೇಡಿ. ಕಾವಲಿನವನು ಮೂಸಿ ಸೀನುವುದರಿಂದ ಮಾತ್ರ ದೂರ ನಿಲ್ಲಿ.

ಪ್ರಶ್ನೆ: ಅಂಥ ಊರಿನಲ್ಲಿ ಇದ್ದು ನೀವು ಕಾರನ್ನು ಎಷ್ಟು ವೇಗವಾಗಿ ಓಡಿಸುತ್ತೀರಿ? (ತಿಪಟೂರಿನ ಹೈಸ್ಕೂಲು ಹುಡುಗ)

ಗಂಟೆಗೆ ಮೂವತ್ತು ಮೈಲಿ, ಮಗು. ನಮ್ಮ ಪೊಲೀಸರಿಗೆ ರೇಸಿನ ದಿನ ಬಿಟ್ಟರೆ ಬೇರೆ ಕೆಲಸ ಕಡಿಮೆ, ಮತ್ತು ಅವರಲ್ಲಿ ಅರ್ಧ ಮಂದಿ ನಮ್ಮ ಕ್ಲಿನಿಕ್‌ನಲ್ಲೇ ಹಲ್ಲು ತೋರಿಸುತ್ತಾರೆ.